ಅರ್ಧ ಲೋಟ ಮಜ್ಜಿಗೆ

ಸಿದ್ದಲಿಂಗಪ್ಪನ ಹಿತ್ತಾಳೆಯ ಲೋಟ ಅಂಗಳದ ಒಗೆಯುವ ಕಲ್ಲಿನ ಮೇಲೆ ಬೋರಲು ಬಿದ್ದಿತ್ತು. ನಾಲ್ಕಾರು ಸಂಸಾರಗಳ ವಾಡೆಯ ದೊಡ್ಡ ಬಾಗಿಲಲ್ಲಿ ಕಾಲಿಡುತ್ತಲೇ ಅದು ಗೌರಾಬಾಯಿಯ ಕಣ್ಣಿಗೆ ಬಿತ್ತು, ಮೈಯೆಲ್ಲ ಉರಿದುಹೋಯಿತು. ದೊಡ್ಡ ದವಾಖಾನೆಯಿಂದ ಭವಾನಿ ಪೇಟೆಯವರೆಗೆ ಗಂಡ ಸಿದ್ದಲಿಂಗಪ್ಪನ ರಟ್ಟೆ ಹಿಡಿದು ನಡೆಸಿಕೊಂಡೇ ಬಂದಿದ್ದಳು. ಟಾಂಗಾದವನು ಅವನ ಓಲಾಟ ನೋಡಿ "ದಾರೂಡ್ಯಾ ನಕೋ ಬಾಬಾ" ಎಂದು ಚಾಟಿ ಬೀಸಿ ಹೊರಟುಹೋಗಿದ್ದ. ದಾರೂಡ್ಯಾ, ಕುಡುಕ! ಅವನು ತೂಕ ಮಾಡುತ್ತಿದ್ದ ಬೆಲ್ಲದ ಅಡತಿಯ ಸಾಹುಕಾರನೂ ಅದನ್ನೇ ಅಂದಿದ್ದ. ಯುದ್ಧ ಶುರುವಾಗಿ ಬೆಲ್ಲ ತುಟ್ಟಿಯಾದ ವರ್ಷ. ತಕ್ಕಡಿ ಹಿಡಿದವನ ಕೈ ಎಗರಿದರೆ ಗಿರಾಕಿ ಬಿಡುತ್ತಾನೆಯೆ? ಅಮಲಿಳಿದ ಮೇಲೆ ಬಾ ಎಂದು ಮನೆಗೆ ಅಟ್ಟಿದ್ದ.

ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದ ನೆರೆಮನೆಯ ರಂಗೂಬಾಯಿ ಸುಮ್ಮನಿರುವವಳಲ್ಲ. "ಇವತ್ತರ ಇಳದದೇನ್ರಿ ನಿಮ್ಮ ಮನಿಯವರದು?"

"ನಿಮ್ಮ ನಾಲಿಗಿ ಇಳಿಯೂತನಾ ಈ ವಾಡೇದಾಗ ಯಾರದೂ ಇಳಿಯೂದಿಲ್ಲ ಬಿಡ್ರಿ," ಎಂದಳು ಗೌರಾಬಾಯಿ.

ಕುಡುಕರ ಲೋಟ ಒಲೆಯ ಹತ್ತಿರ ಬರಕೂಡದು. ಇದು ಅತ್ತೆ ನಾಗವ್ವ ತನ್ನ ಗಂಡ ಗೂಳಪ್ಪನ ಕಾಲಕ್ಕೆ ಮಾಡಿದ ಕಟ್ಟಳೆ. ಅವನೂ ಹೀಗೇ ಓಲಾಡಿದ, ಸಿಡಿಮಿಡಿಗೊಂಡ, ಕೈಯಲ್ಲಿದ್ದದ್ದನ್ನು ಚೆಲ್ಲಿದ. ಮೊದಲು ಅವನ ಲೋಟ ಹೊರಗೆ ಹೋಯಿತು, ಆಮೇಲೆ ಹಾಸಿಗೆ, ಕಡೆಗೆ ಅವನೇ. ಊರು ಸೇರುತ್ತೇನೆಂದು ಸಾತಾರದ ದಾರಿ ಹಿಡಿದವನು ಕಾತ್ರಜದ ಘಾಟಿನಲ್ಲಿ ಬಿದ್ದು ಸತ್ತ. ಕುಡಿದು ಬಿದ್ದ ಎಂದರು ಎಲ್ಲರೂ. ಅವನ ಬಾಯಿಯ ವಾಸನೆ ಹಿಡಿದವರು ಮಾತ್ರ ಒಬ್ಬರೂ ಇರಲಿಲ್ಲ. "ವಾಸನಿ ಬಾರದ ದಾರೂನೂ ಸಿಗ್ತದ" ಎಂದು ನಾಗವ್ವ ಅದಕ್ಕೂ ಒಂದು ಉತ್ತರ ಇಟ್ಟುಕೊಂಡಿದ್ದಳು.

ಈಗ ಅವಳು ನಡುಮನೆಯಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು ಅಂಬಾ ಗಜಗ ಆಡುತ್ತಿದ್ದಳು. ಬೀಜಗಳನ್ನು ಮೇಲೆ ತೂರಿ ಅಂಗೈಯ ಹಿಂಬದಿಯಲ್ಲಿ ಹಿಡಿಯುವ ಆಟ.

"ಅತ್ತೀ, ಲೋಟ ಯಾಕ ಹೊರಗ ಬಂತು?"

"ನಿನ್ನ ಗಂಡನ್ನ ಕೇಳು. ಅಪ್ಪನ ಹಾದಿ ಹಿಡದಾನ."

"ಅಪ್ಪನ ಹಾದೀನ ಹೌದ್ರಿ. ಡಾಕ್ಟರೂ ಅದನ್ನ ಅಂದ್ರು." ಗೌರಾಬಾಯಿ ಗಂಡನನ್ನು ಗೋಡೆಗೆ ಆನಿಸಿ ಕೂಡಿಸಿದಳು. "ನಾಲಿಗಿ ಹೊರಗ ಚಾಚು ಅಂದ್ರು, ನಿಲ್ಲಲಿಲ್ಲ, ಸರ್ರನ ಒಳಗ ಹೋತು. ಮುಷ್ಟಿ ಕಟ್ಟು ಅಂದ್ರು, ಬಿಚ್ಚಿಕೊಂತು. ಆಮ್ಯಾಲ ಮರಾಠಿಯೊಳಗ ಕೇಳಿದ್ರು, ನಿಮ್ಮಪ್ಪ ಹೆಂಗ ನಡೀತಿದ್ದ ಅಂತ. ಇವರು ಎದ್ದು ನಾಕು ಹೆಜ್ಜಿ ಹಾಕಿ, 'ಹಿಂಗ' ಅಂದ್ರು. ಇದು ಕುಡಿತ ಅಲ್ಲ ಅತ್ತೀ, ನರದ ರೋಗ. ರಕ್ತದಾಗ ಬರ್ತದ. ಅಪ್ಪನಿಂದ ಮಕ್ಕಳಿಗೆ ಬಂದರೂ ಬರಬಹುದು, ಬಿಟ್ಟರೂ ಬಿಡಬಹುದು. ಮಾವನೋರು ಒಂದು ಹನಿನೂ ಮುಟ್ಟಿರಲಿಲ್ಲ."

ಮೊರ ನಿಂತಿತು. "ಔಷಧ ಏನು ಕೊಟ್ಟ?"

"ಇದಕ್ಕ ಔಷಧ ಇಲ್ಲಂತ."

"ನೋಡು! ಔಷಧ ಇಲ್ಲದ್ದು ಅದೆಂಥಾ ರೋಗ? ಕುಡಿತಕ್ಕರ ಔಷಧ ಅದ, ಆಣಿ!" ನಾಗವ್ವ ಮೊರವನ್ನು ನೆಲಕ್ಕೆ ಕುಕ್ಕಿದಳು, ಜೋಳ ಚೆಲ್ಲಾಡಿತು. "ಏ ಸಿದ್ದ್ಯಾ, ಲಿಂಗ ಅಂಗೈಮ್ಯಾಲ ಇಟ್ಕೊ. ಇನ್ನ ಮುಟ್ಟೂದಿಲ್ಲ ಅಂತ ಆಣಿ ಮಾಡು, ಲೋಟ ಒಳಗ ತರ್ತೀನಿ. ಇಲ್ಲಾ, ನಿಮ್ಮಪ್ಪನಂಗ ಇವತ್ತ ಹೊರಗ ನಡಿ. ಲಿಂಗಪೂಜಿನೂ ಬಿಟ್ಟೀದಿ, ಯವ್ವಗ ಕಾಣಂಗಿಲ್ಲ ಅಂತ ತಿಳದೀಯೇನು?"

"ಮಾಡ್ತೀನಿ ಯವ್ವಾ," ಎಂದ ಸಿದ್ದಲಿಂಗಪ್ಪ. ಮಾತು ತೊದಲುತ್ತಿತ್ತು.

ಗೌರಾಬಾಯಿ ತಿರುಗಿಬಿದ್ದಳು. "ಏನ್ ಮಾಡ್ತೀರಿ? ಕುಡೀಲಾರದ್ದನ್ನ ಹೆಂಗ ಬಿಡ್ತೀರಿ? ನಾ ಕುಡುಕ ಹೌದು ಅಂತ ದೇವರ ಮುಂದ ಸುಳ್ಳು ಹೇಳ್ತೀರೇನು?"

ಅವನು ಮಗಳ ಕಡೆ ನೋಡಿ ದನಿ ತಗ್ಗಿಸಿದ. "ಕುಡುಕನ ಮಗಳನ್ನ ಯಾರರ ಸೊಸಿ ಅಂತ ತಗೋತಾರ ಗೌರಾ. ಇಂಥಾ ರಕ್ತದ ಹುಡುಗೀನ ಯಾರು ತಗೋತಾರ?"

"ಹಂಗಂತ ನೀವೂ ಕಾತ್ರಜದ ದಾರಿ ಹಿಡೀತೀರಿ? ಊರಿನವರ ಬಾಯಿಗೆ ಅಂಜಿ ಒಬ್ಬರು ಸತ್ತದ್ದು ಸಾಲಲಿಲ್ಲೇನು ಈ ಮನಿಗೆ?"

ಅವನು ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಕೈಗೆ ತೆಗೆದುಕೊಂಡ. ಅದರ ಮುಚ್ಚಳ ತೆರೆಯುವುದೇ ಒಂದು ಹೋರಾಟವಾಯಿತು, ಬೆರಳು ಒಂದೊಂದೂ ಒಂದೊಂದು ಕಡೆ ಎಳೆಯುತ್ತಿದ್ದವು. ಕಡೆಗೆ ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ತಾಯಿಯ ಮುಂದೆ ಚಾಚಿದ. "ಯವ್ವಾ, ನಾ ಇನ್ನ..." ಎಂದ. ಅಷ್ಟೇ. ಯಾರೋ ಕೆಳಗಿನಿಂದ ಹೊಡೆದ ಹಾಗೆ ಕೈ ಮೇಲಕ್ಕೆ ಎಗರಿತು.

ಲಿಂಗ ನೆಲ ಮುಟ್ಟಲಿಲ್ಲ. ಗೌರಾಬಾಯಿ ಮುಂದೆ ಬಿದ್ದು ಸೆರಗಿನಲ್ಲಿ ಹಿಡಿದಿದ್ದಳು.

"ಬೀಳ್ತದ ಅಂತ ಅಂಜಿ ಪೂಜಿ ಬಿಟ್ಟೆ ಯವ್ವಾ," ಎಂದು ಸಿದ್ದಲಿಂಗಪ್ಪ ಮಗುವಿನ ಹಾಗೆ ಅತ್ತ.

ನಾಗವ್ವ ಆ ಸೆರಗನ್ನೇ ನೋಡುತ್ತ ಕೂತಳು. ಗಂಡನ ಮಾತು ಬಾಯಿಗೆ ಬಂತು. "ಅವರೂ ಗ್ವಾಡಿ ಕಡೆ ಮಾರಿ ಮಾಡಿ ಪೂಜಿಗೆ ಕೂಡ್ತಿದ್ರು. ಅಮಲಿನ ಕಣ್ಣು ಮುಚ್ಚಿಕೊಳ್ಳಾಕ ಅಂತ ತಿಳದಿದ್ದೆ. ಆಮ್ಯಾಲ ಕೂಡೂದನ್ನ ಬಿಟ್ರು... ಮಜ್ಜಿಗಿ ಕೊಟ್ರ ಅರ್ಧಾ ಹಾಕು, ಅರ್ಧಾ ಹಾಕು ಅಂತಿದ್ರು. ಉಳದ ಅರ್ಧಕ್ಕ ಏನು ಬೆರಸ್ತೀರಿ ಅಂತ ನಾ..."

"ಬೆರಸ್ತಿದ್ದಿಲ್ಲ. ತುಂಬಿದ್ರ ಚೆಲ್ತದ ಅಂತ ಅಂದಿರಬೇಕು," ಎಂದಳು ಗೌರಾಬಾಯಿ. ದನಿಯಲ್ಲಿ ಕರುಣೆ ಇರಲಿಲ್ಲ. ಟಾಂಗಾದವನು, ಸಾಹುಕಾರ, ರಂಗೂಬಾಯಿ, ಎಲ್ಲರ ಮೇಲಿನ ಸಿಟ್ಟೂ ಈಗ ಈ ಮುದುಕಿಯ ಮೇಲೇ ಬಂದು ನಿಂತಿತ್ತು. "ಒಂದು ಸಲ ಅವರನ್ನ ಕೇಳಬೇಕಿತ್ತು."

ನಾಗವ್ವ ಎದೆಗೆ ಗುದ್ದಿಕೊಂಡಳು. "ಅವರು ಕುಡದಿದ್ರ ಚಲೋ ಇತ್ತಲ್ಲೋ ಸಿದ್ದ್ಯಾ! ನೀನರ ಕುಡೀಬಾರದಾಗಿತ್ತೇನೋ, ನನ್ನ ಹೊಟ್ಟಿ ಉರಿಸಾಕ ಹುಟ್ಟಿದವನ!" ಬೈಯುತ್ತಲೇ ಎದ್ದಳು, ಬೈಯುತ್ತಲೇ ಅಂಗಳಕ್ಕೆ ಹೋಗಿ ಲೋಟ ಎತ್ತಿಕೊಂಡಳು.

"ಒಳಗ ತಗೊಂಡ್ರೇನ್ರಿ ನಾಗವ್ವಾ? ಆಣಿ ಆತೇನು?" ಎಂದು ನಳದ ಕಡೆಯಿಂದ ದನಿ ಬಂತು.

"ನನ್ನ ಮಗಗ ಜಡ್ಡಾಗೇದ. ಅವರಪ್ಪಗೂ ಇದ ಜಡ್ಡ ಇತ್ತು. ಕೇಳಿಸ್ತೇನು? ಇನ್ನ ನಾಕು ಮನಿಗೆ ಹೇಳಿ ಬಾ, ಹೋಗು!"

ರಂಗೂಬಾಯಿಯ ಕೊಡ ತುಂಬಿ ಹರಿಯುತ್ತಿತ್ತು.

ಲೋಟ ಒಳಗೆ ಬಂತು. ನಾಗವ್ವ ಗಡಿಗೆಯಿಂದ ಮಜ್ಜಿಗೆ ಬಗ್ಗಿಸಿದಳು, ಅರ್ಧಕ್ಕೆ ನಿಲ್ಲಿಸಿದಳು. ಮಗನ ಮುಂದೆ ಕೂತು ಅವನ ಎರಡೂ ಕೈಗಳ ಮೇಲೆ ತನ್ನ ಕೈ ಇಟ್ಟು ಕುಡಿಸಿದಳು. ಸ್ವಲ್ಪ ಗದ್ದದ ಮೇಲೆ ಇಳಿಯಿತು, ಸೆರಗಿನಿಂದ ಒರೆಸಿದಳು.

"ಅಜ್ಜಿ, ನನಗೂ," ಎಂದಳು ಅಂಬಾ. "ನನಗ ತುಂಬ ಹಾಕು."

ಮುದುಕಿಯ ಕೈ ಒಂದು ಕ್ಷಣ ಗಡಿಗೆಯ ಮೇಲೆ ತಡೆಯಿತು. ಆಮೇಲೆ ಹುಡುಗಿಯ ಲೋಟವನ್ನು ನೆಲದ ಮೇಲಿಟ್ಟು ತುಂಬಿದಳು. ಕಂಠದವರೆಗೆ ತುಂಬಿದಳು, ಇನ್ನೊಂದು ಹನಿ ಬಿದ್ದರೆ ಚೆಲ್ಲುವಷ್ಟು ತುಂಬಿದಳು. ಗೌರಾಬಾಯಿ ಬೇಡ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಸಿದ್ದಲಿಂಗಪ್ಪ ಗೋಡೆಯಿಂದ ಬೆನ್ನು ಕಿತ್ತು ಮುಂದಕ್ಕೆ ಬಾಗಿದ.

ಅಂಬಾ ಗಜಗಗಳನ್ನು ಬದಿಗಿಟ್ಟು ಒಂದೇ ಕೈ ಚಾಚಿದಳು. ಮೂವರ ಕಣ್ಣುಗಳೂ ಆ ಕೈಯ ಮೇಲೆ ನೆಟ್ಟವು. ಲೋಟ ನೆಲದಿಂದ ಮೇಲೆದ್ದಿತು.