ಓಕ್ ಮನೆಯ ಹಸಿರು ಪೆಟ್ಟಿಗೆ

ಬೆಲ್ ಲ್ಯಾಂಡಿಂಗ್ ಊರಿನಲ್ಲಿ ಮಿಸಿಸಿಪ್ಪಿ ನದಿಗೆ ಮುಖ ಮಾಡಿ ನಿಂತ ಟೆಸ್ಕೆ ಮನೆಯನ್ನು ಆರ್ಡಿಸ್ ಹನ್ನೊಂದು ವರ್ಷದಿಂದ ನೋಡುತ್ತ ಬಂದಿದ್ದಳು, ಶಾಲೆ ಬಸ್ಸಿನ ಡ್ರೈವರ್ ಸೀಟಿನಿಂದ. ತಗ್ಗಾದ ಅಗಲ ಸೂರು, ಬುಡ ದಪ್ಪಗೆ ತುದಿ ಸಣ್ಣಗಿದ್ದ ಕಂಬಗಳು, ಹತ್ತು ಮಂದಿ ಕಾಲು ಚಾಚಿ ಕೂರಬಹುದಾದ ಜಗಲಿ. ನೂರು ವರ್ಷ ದಾಟಿದ್ದರೂ ಒಂದು ಕಂಬವೂ ಓರೆಯಾಗಿರಲಿಲ್ಲ. ಇಂದು ಅದನ್ನು ಕೊಳ್ಳಲೆಂದು ಬಂದು ಅವಳು ಅದರ ಒಳಗೇ ನಿಂತಿದ್ದಳು, ಬೂಟುಗಳನ್ನು ಕೈಯಲ್ಲಿ ಹಿಡಿದು.

"ಅದನ್ನ ಕೆಳಗಿಡೇ. ಕದಿಯೋಕೆ ಬಂದವಳ ಥರ ಕಾಣ್ತೀಯ," ಎಂದಳು ಕಾರ್ಲಾ. ಮನೆ ಮಾರಿಸಿಕೊಡುವುದು ಅವಳ ಕೆಲಸ. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. "ಈಗಾಗ್ಲೇ ನಾಲ್ಕು ಜನ ಬಂದು ಹೋದ್ರು. ಮುದುಕ ಯಾರಿಗೂ ಹೂಂ ಅನ್ನಲಿಲ್ಲ. ಸಂಜೆ ತರಗತೀಲಿ ಮರಗೆಲಸ ಕಲ್ತಿದೀನಿ ಅಂತ ಹೇಳಿಬಿಡು."

ಆರ್ಡಿಸ್ ಕಲಿತದ್ದು ನಿಜ. ಆದರೆ ಅಗ್ಗಿಷ್ಟಿಕೆಯ ಎರಡೂ ಬದಿ ಗೋಡೆಯಲ್ಲೇ ಕೂರಿಸಿದ್ದ ಪುಸ್ತಕದ ಕಪಾಟುಗಳನ್ನು ನೋಡಿದಾಗ ತಾನು ಕಲಿತದ್ದು ಏನೂ ಅಲ್ಲ ಅನ್ನಿಸಿತು. ಹಲಗೆಗಳು ಕೂಡಿದ ಕಡೆ ಬೆರಳಾಡಿಸಿದಳು. ಸಂದೇ ಸಿಗಲಿಲ್ಲ.

ಮನೆಯೊಡೆಯ ಅರ್ವಿನ್ ಟೆಸ್ಕೆ ಬಂದ. ಮೆಟ್ಟಿಲು ಹತ್ತಲಾಗದೆ ತಂಗಿಯ ಮನೆಗೆ ಹೊರಟವನು. ಅವರನ್ನು ನದಿಯ ಕಡೆಯ ಕಿಟಕಿಗೆ ಕರೆದೊಯ್ದ. ಅದರ ಕೆಳಗೆ ಕೂರುವುದಕ್ಕೆಂದೇ ಮಾಡಿದ, ಮುಚ್ಚಳವಿರುವ ಉದ್ದನೆಯ ಪೆಟ್ಟಿಗೆ. ಜೇನುಬಣ್ಣದ ಓಕ್ ಮರ ತುಂಬಿದ ಆ ಕೋಣೆಯಲ್ಲಿ ಅದಕ್ಕೊಂದಕ್ಕೆ ದಪ್ಪನೆಯ ಹಸಿರು ಬಣ್ಣ.

"ಇದನ್ನೇನು ಮಾಡ್ತೀಯಮ್ಮ?"

ಕಾರ್ಲಾ ಮೊಣಕೈ ತಿವಿದಳು. ಬಣ್ಣ ಕೆರೆದು ಒಳಗಿನ ಓಕ್ ಕಾಣುವಂತೆ ಮಾಡುತ್ತೇನೆ ಅನ್ನಬೇಕು, ಅಷ್ಟೇ. ಆರ್ಡಿಸ್ ಕುಕ್ಕರಗಾಲಲ್ಲಿ ಕೂತು ನೋಡಿದಳು. ಆ ಹಸಿರು ಅವಳಿಗೆ ಗೊತ್ತು.

"ಪ್ರವಾಹದಲ್ಲಿ ನೀರು ಎಲ್ಲೀವರೆಗೆ ಬಂದಿತ್ತು?"

ಕಾರ್ಲಾ ನಿಟ್ಟುಸಿರಿಟ್ಟಳು. ಅರ್ವಿನ್ ಆರ್ಡಿಸ್ ಕಡೆ ತಿರುಗಿ ನೋಡಿದ. ಆ ನೋಟಕ್ಕೆ ಹೆದರಿ ಅವಳು ಮಾತು ಮುಂದುವರಿಸಿದಳು.

"ಇದು ದೋಣಿ ಬಣ್ಣ ಅಲ್ವಾ? ನದಿ ಒಂದ್ಸಲ ಮುಟ್ಟಿದ ಮರಕ್ಕೆ ದೋಣಿ ಬಣ್ಣಾನೇ ಹೊಡೀಬೇಕು ಅಂತಿದ್ರು ನಮ್ಮಪ್ಪ. ಅಡುಗೆಮನೆ ಬಾಗಿಲಿಗೆ ಹೊಡೆದಿದ್ರು. ತರಗತಿಗೆ ಸೇರಿದ ವರ್ಷ ನಾನು ಅದನ್ನ ಕೆರೆದು ಹಾಕ್ದೆ, ಚೆನ್ನಾಗಿ ಕಾಣ್ಲಿ ಅಂತ. ಮತ್ತೆ ಪ್ರವಾಹ ಬಂತು. ಬಾಗಿಲು ಬ್ರೆಡ್ ಥರ ನೆನೆದು ಉಬ್ಬಿಹೋಯ್ತು. ಇದನ್ನ ಹಾಳುಮಾಡಲ್ಲ ಅಂತ ನಿಮಗೆ ಮಾತು ಕೊಡೋಕೂ ಭಯ. ಕೆಡಿಸಿದ ಕೈ ಇದು."

ಹೇಳಿ ಮುಗಿಸಿದಾಗ ಮನೆ ಕೈತಪ್ಪಿತೆಂದೇ ಅವಳಿಗೆ ಅನ್ನಿಸಿತು.

ಅರ್ವಿನ್ ಮುಚ್ಚಳ ಎತ್ತಿದ. ಒಳಗೆ ಬಣ್ಣವಿಲ್ಲದ ಓಕ್. ಅದರ ಮೇಲೆ ಪೆನ್ಸಿಲಿನ ಒಂದು ಗೆರೆ, 1965. ಪಕ್ಕದಲ್ಲಿ ದುಂಡಗಿನ ಅಕ್ಷರ: 'ಇಲ್ಲೀವರೆಗೆ'.

"ಆ ವರ್ಷ ನೀರು ಇಳಿದ ಮೇಲೆ ಹೆಡಾ ಬರೆದದ್ದು, ನನ್ನ ಹೆಂಡ್ತಿ. ಬಣ್ಣ ಹೊಡೆದವಳೂ ಅವಳೇ. ನಮ್ಮಜ್ಜ ಮಾಡಿದ ಓಕ್ ಹಾಳು ಮಾಡಿದ್ಲು ಅಂತ ಚಳಿಗಾಲ ಪೂರ್ತಿ ಮಾತಾಡ್ಸಿರಲಿಲ್ಲ ನಾನು. ತೊಂಬತ್ಮೂರರ ಪ್ರವಾಹದಲ್ಲಿ ನೆಲದ ಹಲಗೆ ಎಲ್ಲ ಎದ್ದು ನಿಂತ್ವು. ಇದು ಮಾತ್ರ ಕೂತಲ್ಲೇ ಕೂತಿತ್ತು."

"ಆಮೇಲೆ ಅವರಿಗೇನಂದ್ರಿ?"

"ಏನನ್ನೋದು? ನೆಲ ಒರೆಸ್ದೆ." ಅರ್ವಿನ್ ಮೂಗು ಉಜ್ಜಿಕೊಂಡ. "ನೀರಿನ ವಿಚಾರ ಎಲ್ಲರೂ ನೆಲಮಾಳಿಗೇಲಿ ಕೇಳಿದ್ರು. ಇಲ್ಲಿ ನಿಂತು ಯಾರೂ ಕೇಳಲಿಲ್ಲ. ಇದನ್ನ ಕೆರೀತೀವಿ ಅಂದ್ರು, ನಾಲ್ಕೂ ಜನ." ಮುಚ್ಚಳವನ್ನು ಮೆಲ್ಲಗೆ ಇಳಿಸಿದ. "ಐದು ವರ್ಷಕ್ಕೊಂದ್ಸಲ ಒಂದು ಕೈ ಬಣ್ಣ ಹೊಡೀಬೇಕು. ಈ ವಸಂತದಲ್ಲೇ ಆಗಬೇಕಿತ್ತು. ನನ್ನ ಮಂಡಿ ಬಗ್ಗಲ್ಲ."

ಕಾರ್ಲಾ ಸದ್ದಿಲ್ಲದೆ ಚೀಲದಿಂದ ಮಾರಾಟದ ಕಾಗದಪತ್ರ ತೆಗೆಯತೊಡಗಿದಳು.

"ಕುಂಚ ಎಲ್ಲಿಟ್ಟಿದೀರಿ?" ಆರ್ಡಿಸ್ ಕೇಳಿದಳು. ಆಗಲೇ ಅವಳು ಬೂಟುಗಳನ್ನು ಕೆಳಗಿಟ್ಟದ್ದು.