ಅಪ್ಪನ ಕಲ್ಲಿನ ಕೊನೆಯ ಸಾಲು

ಅಪ್ಪ ಸಾಯುವ ಮುಂಚೆ ಆಡಿದ್ದ ತಮಾಷೆಯ ಮಾತನ್ನೇ ಮಗಳು ಸಮಾಧಿಯ ಕಲ್ಲಿನಲ್ಲಿ ಅವನ ಹೆಸರಿನ ಕೆಳಗೆ ಕೆತ್ತಿಸಿದ್ದಳು: ‘ದೇವರೇ, ಬಂದೆ. ಮೊದಲು ನನ್ನ ಮಂಡಿನೋವಿಗೆ ಉತ್ತರ ಕೊಡು.’

ಸ್ಮಶಾನದ ಧರ್ಮಸಮಿತಿಯ ಹಿರಿಯರೊಬ್ಬರು ಕಲ್ಲುಕುಟಿಗನ ಅಂಗಳದಲ್ಲಿ ಅದನ್ನು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಇದನ್ನ ಅಳಿಸ್ಬಿಡಿ, ಇಲ್ದಿದ್ರೆ ಸ್ಮಶಾನದಲ್ಲಿ ಕಲ್ಲು ನೆಡೋಕೆ ಬಿಡಲ್ಲ. ದೇವರ ನಿಂದೆ ಆಗುತ್ತೆ” ಎಂದರು.

“ನೀವೇ ನಕ್ಕಿರಲ್ಲ ಸ್ವಾಮಿ?”

“ನನ್ನ ಭಕ್ತಿ ಗಟ್ಟಿ ಕಣಮ್ಮ. ಬೇರೆಯವರದ್ದು ನೊಂದ್ಕೊಳ್ಳುತ್ತೆ.”

ಅವರ ನಗುವಿನ ಎಂಜಲು ಕಲ್ಲಿನ ಮೇಲೆ ಸಿಡಿದಿತ್ತು. ಮಗಳು ಅದನ್ನು ಸೆರಗಿನಿಂದ ಒರೆಸಿದಳು.

“ಒಂದೇ ಸಾಲು ಅಳಿಸೋಕಾಗಲ್ಲ ಅಕ್ಕಾ. ಕಲ್ಲಿನ ಮುಖ ಪೂರ್ತಿ ಉಜ್ಜಬೇಕು, ಹೆಸರೂ ಹೋಗುತ್ತೆ” ಎಂದ ಕುಟಿಗ.

“ಉಜ್ಜಬೇಡಪ್ಪ, ಮನೆಗೆ ಸಾಗಿಸು. ಅಪ್ಪ ಬರೀ ಮಣ್ಣಲ್ಲೇ ಮಲಗಲಿ. ಇವರು ತಿದ್ದಿದ ಅಪ್ಪ ನನಗೆ ಬೇಡ.”