ಮನೆ ನೋಡಲು ಬಂದವರು

ನಾವು ಬಾಡಿಗೆಗಿದ್ದ ಮನೆ ಮಾರಾಟಕ್ಕಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಹೊರಗಿನಿಂದ ಬೀಗದಲ್ಲಿ ಕೀಲಿ ತಿರುಗಿತು. ಏಜೆಂಟ್ ಒಳಗೆ ಬಂದ. ಅವನ ಬೆನ್ನಿಗೇ ಗಂಡ ಹೆಂಡತಿ ಇಬ್ಬರು ಬಂದರು. ನಾನು ಅಪ್ಪನಿಗೆ ಔಷಧಿ ಕುಡಿಸುತ್ತಿದ್ದೆ. ಏಜೆಂಟ್ ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಬರುವುದನ್ನು ತೋರಿಸಿದ, ಪ್ರತಿ ಕೋಣೆಯಲ್ಲೂ ದೀಪ ಹಾಕಿ ಆರಿಸಿದ. ಒಂದು ಮಾತಿಲ್ಲ, ಕತೆಯಿಲ್ಲ.

"ಯಾರಮ್ಮಾ ಇವರೆಲ್ಲ?" ಎಂದರು ಅಪ್ಪ.

"ಮನೆ ನೋಡೋಕೆ ಬಂದಿದಾರೆ ಅನ್ಸತ್ತೆ."

"ಕಳ್ಳನಿಗಾದ್ರೂ ಮರ್ಯಾದೆ ಇರತ್ತೆ. ಮನೇಲಿ ಯಾರೂ ಇಲ್ದಾಗ ಬರ್ತಾನೆ."

ಅಪ್ಪ ಟೈಲರ್. ಶ್ವಾಸಕೋಶ ಕೈಕೊಟ್ಟು ಹಾಸಿಗೆ ಹಿಡಿದ ಮೇಲೆ ಅವರ ಮಿಷನ್ನಿನಲ್ಲಿ ನಾನು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಹೀಗೆ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದೆ. ಮನೆಯ ಒಡತಿಯ ಮಕ್ಕಳಿಗೆಲ್ಲ ಬಟ್ಟೆ ಹೊಲಿದುಕೊಟ್ಟವರು ಅಪ್ಪನೇ. ಆಕೆ ಒಮ್ಮೆ ಬಂದು ಅವರ ಕೈ ಹಿಡಿದುಕೊಂಡು, "ನೀವು ಇರೋವರೆಗೂ ಈ ಮನೆ ನಿಮ್ದೇ ಅಂದ್ಕೊಳ್ಳಿ ಮಾಸ್ಟ್ರೇ" ಎಂದಿದ್ದರು. ಆ ಮಾತಿಗೆ ಒರಗಿಕೊಂಡೇ ನಾವು ಬದುಕಿದ್ದೆವು. ಅಪ್ಪನ ಕೊನೆಯುಸಿರು ಈ ಕೋಣೆಯಲ್ಲೇ ಹೋಗಲಿ, ಅಲ್ಲಿ ಇಲ್ಲಿ ಎತ್ತಿಕೊಂಡು ತಿರುಗುವ ಪಾಡು ಬಾರದಿರಲಿ. ನನಗೆ ಬೇಕಾಗಿದ್ದದ್ದು ಅಷ್ಟೇ.

ಒಡತಿಗೆ ಫೋನ್ ಮಾಡಿದೆ. "ಏನಿದ್ರೂ ಏಜೆಂಟ್ ಹತ್ರ ಮಾತಾಡಮ್ಮ. ಎಲ್ಲಾ ಅವರಿಗೇ ಬಿಟ್ಟಿದೀನಿ" ಎಂದು ಇಟ್ಟುಬಿಟ್ಟರು.

ಏಜೆಂಟ್ ಹತ್ತಿರ ಮಾತಾಡುವುದೂ ಗೋಡೆಯ ಹತ್ತಿರ ಮಾತಾಡುವುದೂ ಒಂದೇ. ಫೋನ್ ಎತ್ತುತ್ತಿರಲಿಲ್ಲ. ಕಳಿಸಿದ ಸಂದೇಶ ಓದುತ್ತಿದ್ದ, ಉತ್ತರ ಕೊಡುತ್ತಿರಲಿಲ್ಲ. ಎದುರಿಗೆ ನಿಲ್ಲಿಸಿ ಕೇಳಿದರೆ "ನೋಡೋಣ" ಎನ್ನುತ್ತಿದ್ದ. ಅಪ್ಪ ಅವನಿಗೆ ಬಾಯಿಬೀಗ ಎಂದು ಹೆಸರಿಟ್ಟರು. "ಊರವರ ಮನೆ ಕೀಲಿಯೆಲ್ಲ ಜೇಬಲ್ಲಿದೆ, ಪಾಪ, ತನ್ನ ಬಾಯಿದು ಮಾತ್ರ ಕಳ್ಕೊಂಡಿದಾನೆ."

ನಾನೂ ನಕ್ಕೆ. ಆದರೆ ಒಂದನ್ನು ಗಮನಿಸುತ್ತಿದ್ದೆ. ಮೊದಲ ಸಲ ಅವನು ಅಪ್ಪನ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದ. ಮುಂದಿನ ಸಲ ಒಳಗೆ ಬಂದ. ಆಮೇಲೊಂದು ಸಲ ಮಂಚದ ಪಕ್ಕ ನಿಂತು ಆಕ್ಸಿಜನ್ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ಮೀಟರಿನ ಮುಳ್ಳನ್ನು ಬಗ್ಗಿ ನೋಡಿದ. ಪ್ರತಿ ಸಲವೂ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡು ಯಾರಿಗೋ ಫೋನ್ ಮಾಡುತ್ತಿದ್ದ. ಗಾಜಿನಾಚೆ ಅವನ ತುಟಿಗಳು ಸರಸರ ಆಡುತ್ತಿದ್ದವು. ಕೈ ತಿರುಗಿಸಿ, ತಲೆ ಕುಣಿಸಿ, ಎಷ್ಟು ಚೆನ್ನಾಗಿ ಮಾತಾಡುತ್ತಿದ್ದ! ನನಗೆ ಕೇಳಿಸುತ್ತಿದ್ದದ್ದು ಅಪ್ಪನ ಉಸಿರು ಮಾತ್ರ.

ಒಂದು ಸಂಜೆ ಆ ಮೊದಲ ದಿನ ಬಂದಿದ್ದ ಹೆಂಗಸು ಒಬ್ಬಳೇ ಬಂದಳು. ಪರದೆಗೆ ಅಳತೆ ಬೇಕಿತ್ತಂತೆ. ಕುರ್ಚಿಯ ತುದಿಯಲ್ಲಿ ಕುಳಿತು ಪಿಸುದನಿಯಲ್ಲಿ ಕೇಳಿದಳು: "ನಿಮ್ ತಂದೆಯವರು ಹೇಗಿದಾರೆ?"

"ಹಾಗೇ ಇದಾರೆ."

ಅವಳ ಮುಖ ಇಳಿಯಿತು. "ಹಾಗೇ ಇದಾರಾ?"

ನಾನು ಅವಳನ್ನೇ ನೋಡಿದೆ.

"ತಪ್ಪು ತಿಳ್ಕೋಬೇಡಿ. ಈ ತಿಂಗಳು ದಾಟಲ್ಲ ಅಂದಿದ್ರು. ಮಾಸ್ಟ್ರು ಇರೋವರೆಗೆ ಅಂತ ಓನರ್ ಮಾತು ಕೊಟ್ಟಿದಾರಂತಲ್ಲ? ಅದಕ್ಕೇ ನಾವೂ ಕಾಯ್ತಿದೀವಿ. ಆದ್ರೆ ನಾವಿದ್ದ ಮನೆ ಬಿಟ್ಕೊಟ್ಟಾಯ್ತು. ನನಗೂ ಎರಡು ಮಕ್ಕಳು."

"ಯಾರು ಅಂದಿದ್ದು?"

"ಏಜೆಂಟ್. ನಿಮಗೆಲ್ಲಾ ಗೊತ್ತು, ನೀವೂ ಒಪ್ಪಿದೀರಿ ಅಂದ್ರು. ಅಲ್ವಾ?"

ನನ್ನ ಮುಖದಲ್ಲೇ ಅವಳು ಉತ್ತರ ಓದಿಕೊಂಡಳು. ಅವಳು ಕಣ್ಣಲ್ಲಿ ನೀರು ತಂದುಕೊಂಡು ಕ್ಷಮೆ ಕೇಳಿದಳು. ಆದರೂ ಕಿಟಕಿಯ ಅಳತೆ ತೆಗೆದುಕೊಂಡೇ ಹೋದಳು. ಟೇಪಿನ ಇನ್ನೊಂದು ತುದಿ ಹಿಡಿದವಳು ನಾನೇ. ಯಾಕೆ ಹಿಡಿದೆನೋ ತಿಳಿಯದು.

ಅಪ್ಪ ನಿದ್ದೆ ಮಾಡಿರಲಿಲ್ಲ, ಎಲ್ಲ ಕೇಳಿಸಿಕೊಂಡಿದ್ದರು. "ನಾಳೆ ಬಾಯಿಬೀಗ ಬರ್ತಾನೆ. ನನಗೆ ಗಡ್ಡ ತೆಗೆದು ಇಸ್ತ್ರಿ ಅಂಗಿ ಹಾಕು" ಎಂದರು.

"ಯಾಕಪ್ಪಾ?"

"ಮಾಲು ಸರಿಯಾಗಿ ನೋಡ್ಲಿ."

ಮರುದಿನ ಅವನು ಒಬ್ಬನೇ ಬಂದ. ದಿಂಬಿಗೆ ಒರಗಿ ನೆಟ್ಟಗೆ ಕುಳಿತಿದ್ದ ಅಪ್ಪನನ್ನು ಕಂಡು ಬಾಗಿಲಲ್ಲೇ ನಿಂತ. ತಪ್ಪಿಹೋದ ಲೆಕ್ಕವನ್ನು ಮತ್ತೆ ಮಾಡುವವನ ಹಾಗೆ ಹುಬ್ಬು ಗಂಟಿಕ್ಕಿದ.

"ಅವರಿಗೆ ಏನ್ ಹೇಳಿದೀರಿ?" ಎಂದೆ.

ಅವನು ಜೇಬಿನಲ್ಲಿ ಕೀಲಿಗಳನ್ನು ಆಡಿಸಿದ.

"ನಾವು ಯಾವಾಗ ಒಪ್ಪಿದ್ವಿ? ಬಾಯಿಬಿಟ್ಟು ಹೇಳ್ರೀ!"

ಅವನು ಸಿಲಿಂಡರಿನ ಮುಳ್ಳು ನೋಡಿದ, ಅಪ್ಪನ ಮುಖ ನೋಡಿದ. "ಭಾನುವಾರ ಬಣ್ಣ ಹೊಡೆಯೋರು ಬರ್ತಾರೆ" ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ವಾಕ್ಯ ಅದು. ದನಿ ಮೃದುವಾಗಿತ್ತು.

"ಯಾವ ಬಣ್ಣ?" ಎಂದರು ಅಪ್ಪ.

"ತಿಳಿನೀಲಿ."

"ಈ ರೂಮಿಗೂನಾ?"

"ಈ ರೂಮಿಂದ್ಲೇ ಶುರು."

ನಾನು ಹೋಗಿ ಹೊರಬಾಗಿಲು ತೆರೆದು ಹಿಡಿದೆ. ಅವನು ಬರಲಿಲ್ಲ. ಕಾದು ಸಾಕಾಗಿ ಒಳಗೆ ಬಂದು ನೋಡಿದರೆ, ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಕಾಯಲು ಬಂದವನ ಹಾಗೆ ಕುಳಿತುಬಿಟ್ಟಿದ್ದ. ಅಪ್ಪ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದರು. ಸಾವಿರಾರು ಗುಂಡಿ ಹೊಲಿದ ಬೆರಳಿಗೆ ಕಾಜದ ತೂತೇ ಸಿಗುತ್ತಿರಲಿಲ್ಲ. ನಾನು ಮುಂದೆ ಹೋದರೆ ಬೇಡವೆಂದು ತಲೆಯಾಡಿಸಿದರು. ಏಜೆಂಟ್ ಕಣ್ಣು ಮಿಟುಕಿಸದೆ ಆ ಬೆರಳುಗಳನ್ನೇ ನೋಡುತ್ತಿದ್ದ. ನಾನೂ ನೋಡುತ್ತ ನಿಂತೆ.